ಇನ್ನೊಬ್ಬರ ಅಡಿಪಾಯದ ಮೇಲೆ ಕಟ್ಟುವವರಿಗೆ



ಈಗಷ್ಟೇ ಓದಿಸಿದ್ದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯ. ತಾನು ಹಾಕಿಕೊಟ್ಟ ಅಡಿಪಾಯದ ಮೇಲೆ ಈಗ ಬೇರೆಯವರು ಗೋಡೆ ಎಬ್ಬಿಸುತ್ತಿದ್ದಾರೆ, ಹುಷಾರಾಗಿ ಎಬ್ಬಿಸಲಿ ಎಂಬುದು ಅಲ್ಲಿಯ ಮಾತಿನ ಸಾರ. ಈ ಭಾಗವನ್ನು ಇಟ್ಟುಕೊಂಡು ಸಭೆಯ ಬೆಳವಣಿಗೆಯ ಬಗ್ಗೆ, ಸಭೆಯೊಳಗಿನ ಗುಂಪುಗಾರಿಕೆಯ ಬಗ್ಗೆ ನೀವು ಬೇಕಾದಷ್ಟು ಪ್ರಸಂಗ ಕೇಳಿದ್ದೀರಿ. ಇವತ್ತು ಯುವಜನರ ಭಾನುವಾರ. ಹಿಂದಿನ ಬೆಂಚುಗಳಲ್ಲಿ ಕೂತಿರುವ ನಮ್ಮ ಹುಡುಗ ಹುಡುಗಿಯರು ರಾತ್ರಿ ಹನ್ನೊಂದರ ಮೇಲೆ ಏನು ಕಟ್ಟುತ್ತಿದ್ದಾರೋ ಅದರ ಬಗ್ಗೆ ಮಾತಾಡೋಣವೆಂದಿದ್ದೇನೆ. ವಿಡಿಯೊ ಗೇಮುಗಳ ಮಾಡ್.

ಹಿರಿಯರಿಗಾಗಿ ಎರಡು ಮಾತು. ಒಂದು ಕಂಪನಿ ಆಟವೊಂದನ್ನು ಮಾಡಿ ಮಾರುತ್ತದೆ. ಕೊಂಡವರಲ್ಲಿ ಕೆಲವರು ಆಡಿ ಸುಮ್ಮನಾಗುವುದಿಲ್ಲ. ಆಟದ ಫೈಲುಗಳನ್ನು ಬಿಚ್ಚಿ ಹೊಸ ಊರು, ಹೊಸ ಪಾತ್ರ, ಹೊಸ ಗಾಡಿ ಸೇರಿಸುತ್ತಾರೆ. ಕಂಪನಿ ಹಾಗೇ ಬಿಟ್ಟ ತಪ್ಪುಗಳನ್ನು ತಿದ್ದುತ್ತಾರೆ. ಮಾಡಿದ್ದನ್ನು ಬಹುಮಟ್ಟಿಗೆ ಪುಕ್ಕಟೆಯಾಗಿ ಹಂಚುತ್ತಾರೆ. ಅದಕ್ಕೆ ಮಾಡ್ ಅನ್ನುತ್ತಾರೆ, ಮಾಡುವವರನ್ನು ಮಾಡರ್ ಅನ್ನುತ್ತಾರೆ.

ಇದೇನು ಮಹಾ ಎಂದುಕೊಳ್ಳಬೇಡಿ. 1998ರಲ್ಲಿ ಬಂದ ‘ಹಾಫ್-ಲೈಫ್’ ಎಂಬ ಆಟದ ಮೇಲೆ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ಮರುವರ್ಷವೇ ಒಂದು ಮಾಡ್ ಕಟ್ಟಿದರು. ಅದೇ ‘ಕೌಂಟರ್-ಸ್ಟ್ರೈಕ್’. ಮೂಲ ಆಟದ ಕಂಪನಿ ವಾಲ್ವ್ 2000ದಲ್ಲಿ ಅದನ್ನು ತನ್ನದಾಗಿಸಿಕೊಂಡು ಇಬ್ಬರನ್ನೂ ಕೆಲಸಕ್ಕೆ ಕರೆದುಕೊಂಡಿತು. ಆಸ್ಟ್ರೇಲಿಯದ ನಿಕ್ ಪಿಯರ್ಸ್ ಎಂಬ ವಕೀಲರು ‘ಸ್ಕೈರಿಮ್’ ಆಟಕ್ಕೆ 2015ರಲ್ಲಿ ಮಾಡಿದ ‘ದಿ ಫರ್ಗಾಟನ್ ಸಿಟಿ’ ಎಂಬ ಮಾಡ್‌ಗೆ ಅಲ್ಲಿಯ ಬರಹಗಾರರ ಸಂಘ ಬಹುಮಾನ ಕೊಟ್ಟಿತು. 2021ರಲ್ಲಿ ಅದು ಸ್ವತಂತ್ರ ಆಟವಾಗಿಯೇ ಹೊರಬಂತು. ನಮ್ಮ ಹುಡುಗರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಬಸ್ಸಿನ ಆಟ. ಇಂಡೊನೇಷ್ಯಾದ ಮಾಲಿಯೊ ಕಂಪನಿ 2017ರಲ್ಲಿ ತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’. ಇವರ ಬಾಯಲ್ಲಿ ‘ಬಸ್ಸಿಡ್’. ಮೊಬೈಲಿನಲ್ಲೇ ಆಡಬಹುದು. ಜಾವಾ ದ್ವೀಪದ ಹೆದ್ದಾರಿಯಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು ಹೋಗುತ್ತಿದ್ದರೆ ಗಾಬರಿಯಾಗಬೇಡಿ, ನಮ್ಮವರದೇ ಕೈಕೆಲಸ.

ಮನೆಯಲ್ಲಿ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: ಇನ್ನೂ ಎಷ್ಟು ಹೊತ್ತೋ? ನ್ಯಾಯವಾದ ಪ್ರಶ್ನೆಯೇ, ಬೆಳಿಗ್ಗೆ ಕಾಲೇಜಿದೆ. ಆದರೆ ಏನು ಮಾಡ್ತಿದ್ದೀಯ, ಯಾರಿಗೆ ಕೊಡ್ತೀಯ, ತಗೊಂಡವರು ಏನಂದರು ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಕೇಳುವವರಿಲ್ಲದ ಕಡೆ ಮಕ್ಕಳು ಒಳ್ಳೆಯದನ್ನೂ ಕೆಟ್ಟದ್ದನ್ನೂ ತಮ್ಮಷ್ಟಕ್ಕೆ ತಾವೇ ಕಲಿಯುತ್ತಾರೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಪೌಲನಿಗೆ ಅಡಿಪಾಯವೆಂದರೆ ಕ್ರಿಸ್ತನೊಬ್ಬನೇ. ಯಾವುದೋ ಆಟದ ಕಂಪನಿಯನ್ನು ಆ ಜಾಗದಲ್ಲಿ ಕೂರಿಸುತ್ತಿದ್ದೇನೆಂದು ಸಭೆಯ ಹಿರಿಯರು ತಿಳಿಯಬೇಡಿ. ಇನ್ನೊಬ್ಬರು ಹಾಕಿದ್ದರ ಮೇಲೆ ಕಟ್ಟುವವನ ನಡತೆ ಹೇಗಿರಬೇಕು ಎಂಬುದಷ್ಟೇ ನನ್ನ ಮಾತು. ಆ ನಡತೆ ದೇವಾಲಯ ಕಟ್ಟುವಾಗ ಒಂದು, ಬಸ್ಸು ಕಟ್ಟುವಾಗ ಇನ್ನೊಂದು ಆಗುವುದಿಲ್ಲ.

ಮಾಡರ್ ಎಂದೂ ಬರಿಯ ನೆಲದ ಮೇಲೆ ಕಟ್ಟುವುದಿಲ್ಲ. ಅವನ ಕೆಳಗೆ ಕಂಪನಿಯ ಆಟವಿರುತ್ತದೆ, ಅದರ ಮೇಲೆ ಇನ್ನಾರೋ ಮಾಡಿಟ್ಟ ಸಾಧನಗಳು, ಇನ್ನಾರೋ ಕೂಡಿಸಿದ ಚಿತ್ರ, ದನಿ, ಚಲನೆ. 2015ರ ಏಪ್ರಿಲ್ 23ರಂದು ವಾಲ್ವ್ ಮತ್ತು ಸ್ಕೈರಿಮ್ ಆಟದ ಕಂಪನಿ ಬೆಥೆಸ್ಡಾ ಕೂಡಿ, ಸ್ಕೈರಿಮ್ ಮಾಡ್‌ಗಳನ್ನು ಇನ್ನು ವಾಲ್ವ್‌ನ ಅಂಗಡಿಯಲ್ಲಿ ಹಣಕ್ಕೆ ಮಾರಬಹುದು ಎಂದು ಸಾರಿದವು. ಬಂದ ಹಣದಲ್ಲಿ ಮಾಡಿದವನಿಗೆ ನೂರಕ್ಕೆ 25, ವಾಲ್ವ್‌ಗೆ 30, ಬೆಥೆಸ್ಡಾಗೆ 45. ಮೊದಲ ದಿನ ಅಂಗಡಿಗೆ ಬಂದವುಗಳಲ್ಲಿ ಮೀನು ಹಿಡಿಯುವ ಒಂದು ಮಾಡ್ ಇತ್ತು. ಚೆನ್ನಾಗಿಯೇ ಇತ್ತಂತೆ. ಆದರೆ ಗಾಳ ಎಸೆಯುವ ಕೈಯ ಚಲನೆ ನಿಂತಿದ್ದುದು ಬೇರೊಬ್ಬರು ವರ್ಷಗಟ್ಟಲೆ ದುಡಿದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ ಸಾಧನದ ಮೇಲೆ. ಅವರು ಇದಕ್ಕೆ ಒಪ್ಪಿರಲಿಲ್ಲ. ಆ ಮಾಡ್ ಮಾರಾಟದಿಂದ ಇಳಿಯಿತು. ಏಪ್ರಿಲ್ 27ಕ್ಕೆ ಇಡೀ ಯೋಜನೆಯೇ ಮುಚ್ಚಿ, ಕೊಂಡವರಿಗೆ ಹಣ ಮರಳಿತು.

ಹಣ ಕೇಳಿದ್ದೇ ಪಾಪವೆಂದು ಆಗ ಕೂಗಿದವರು ಬಹಳ. ನಾನು ಒಪ್ಪುವುದಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಕರ್ತನ ಮಾತೇ. ಆದರೆ ಕೂಲಿ ಹಂಚಲು ಕೂತವರು ಕೆಳಗಿನ ಸಾಲಿನ ಕಲ್ಲು ಇಟ್ಟವನು ಯಾರು ಎಂದು ಕೇಳಲಿಲ್ಲ. ನೂರನ್ನು ಮೂರು ಪಾಲು ಮಾಡಿದ ಆ ಲೆಕ್ಕದಲ್ಲಿ ಅವನಿಗೊಂದು ಸಾಲೇ ಇರಲಿಲ್ಲ.

ನಮ್ಮ ಬಸ್ಸಿನ ಹುಡುಗರಲ್ಲೂ ಇದೇ ನಡೆಯುತ್ತದೆ. ಒಬ್ಬ ಕೂತು ಬಸ್ಸಿನ ಪಕ್ಕದ ಪಟ್ಟಿ, ಕಿಟಕಿಯ ಸರಳು, ಹಿಂಗಾಜಿನ ಮೇಲಿನ ಬರಹ ಎಲ್ಲವನ್ನೂ ಬಿಡಿಸಿ, ಚಿತ್ರದ ಒಂದು ಮೂಲೆಯಲ್ಲಿ ತನ್ನ ಹೆಸರನ್ನು ಸಣ್ಣಗೆ ಹಾಕಿರುತ್ತಾನೆ. ಎರಡೇ ದಿನದಲ್ಲಿ ಇನ್ನೊಬ್ಬನ ಯೂಟ್ಯೂಬ್ ಚಾನೆಲಿನಲ್ಲಿ ಅದೇ ಬಸ್ಸು, ಅದೇ ಪಟ್ಟಿ, ಅದೇ ಸರಳು. ಮೂಲೆಯ ಹೆಸರು ಮಾತ್ರ ಬೇರೆ. ಆ ಮೂಲೆಗೆ ಬಣ್ಣ ಬಳಿಯುವುದು ಎರಡು ನಿಮಿಷದ ಕೆಲಸ. ಹತ್ತು ಆಜ್ಞೆಗಳಲ್ಲಿ ಅದು ಎಷ್ಟನೆಯದನ್ನು ಮೀರಿದಂತೆ ಎಂದು ಸಂಡೇ ಸ್ಕೂಲಿನ ಮಗುವನ್ನು ಕೇಳಿ ನೋಡಿ.

ಇನ್ನು ಬೆಂಕಿಯ ವಿಷಯ. ಚಿನ್ನ, ಬೆಳ್ಳಿ, ಕಟ್ಟಿಗೆ, ಹುಲ್ಲು ಯಾವುದರಿಂದ ಕಟ್ಟಿದರೂ ಬೆಂಕಿ ಬಂದು ಅದರ ಗುಣವನ್ನು ತೋರಿಸಿಬಿಡುತ್ತದೆ ಎಂದು ಪೌಲನು ಹೇಳುವಾಗ ಕೊರಿಂಥದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ರಿ.ಪೂ. 146ರಲ್ಲಿ ರೋಮನರು ಆ ಪಟ್ಟಣವನ್ನು ಸುಟ್ಟು ಕೆಡವಿದ್ದರು. ನೂರು ವರ್ಷದ ಮೇಲೆ ಜೂಲಿಯಸ್ ಸೀಸರನ ಕಾಲದಲ್ಲಿ ಅದನ್ನು ಮತ್ತೆ ಕಟ್ಟಿದ್ದು. ಯಾವುದು ಸುಟ್ಟಿತು, ಯಾವುದು ನಿಂತಿತು ಎಂಬುದು ಅಲ್ಲಿಯವರ ಕಣ್ಣೆದುರಿಗೇ ಇತ್ತು.

ಮಾಡ್ ಒಂದಕ್ಕೆ ಬೆಂಕಿ ಯಾವುದು? ಇನ್ನೊಬ್ಬರ ಕಂಪ್ಯೂಟರ್. ನಿಮ್ಮ ಕೋಣೆಯಲ್ಲಿ, ನಿಮ್ಮ ಮೆಷಿನ್‌ನಲ್ಲಿ, ಅದೊಂದೇ ಮಾಡ್ ಹಾಕಿ ಓಡಿಸಿದಾಗ ಎಲ್ಲವೂ ಸರಿಯೇ. ಅದನ್ನು ಇಳಿಸಿಕೊಳ್ಳುವವನ ಹತ್ತಿರ ಆಗಲೇ ಎಂಬತ್ತು ಮಾಡ್ ಇರುತ್ತವೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ಆಟದ ಬೇರೆ ವರ್ಷನ್ ಇರುತ್ತದೆ. ‘ನನ್ನ ಹತ್ತಿರ ವರ್ಕ್ ಆಗ್ತಿದೆಯಲ್ಲ’ ಎನ್ನುವ ಮಾಡರ್ ಇನ್ನೂ ಬೆಂಕಿಯ ಹತ್ತಿರವೇ ಹೋಗಿಲ್ಲ.

ಸ್ಕೈರಿಮ್ ಮಾಡರ್‌ಗಳಿಗೆಲ್ಲ ಗೊತ್ತಿರುವ ಒಂದು ಕಟ್ಟುಪಾಡು ನನಗೆ ತುಂಬ ಹಿಡಿಸಿತು. ನೀವು ಆ ಆಟದ ಒಂದು ಹೋಟೆಲನ್ನು ಹೊಸದಾಗಿ ಸಜ್ಜು ಮಾಡುತ್ತಿದ್ದೀರಿ ಅನ್ನಿ. ಮೂಲೆಯಲ್ಲೊಂದು ಪೀಪಾಯಿ ಅಡ್ಡವಾಗಿದೆ. ಆರಿಸಿ ಡಿಲೀಟ್ ಒತ್ತಿದರೆ ಮುಗಿಯಿತು. ಆದರೆ ಗುರುತೇ ಇಲ್ಲದ ಇನ್ನೊಬ್ಬ ಮಾಡರ್ ತನ್ನ ಕಥೆಯಲ್ಲಿ ಅದೇ ಪೀಪಾಯಿಯೊಳಗೆ ಒಂದು ಪತ್ರ ಬಚ್ಚಿಟ್ಟಿದ್ದಾನೆ. ಇಬ್ಬರ ಮಾಡನ್ನೂ ಹಾಕಿಕೊಂಡ ಮೂರನೆಯವನು ಆ ಹೋಟೆಲಿಗೆ ಕಾಲಿಟ್ಟಾಗ ಆಟ ಇಲ್ಲದ ಪೀಪಾಯಿಯನ್ನು ಹುಡುಕಿ ಕುಸಿದುಬಿಡಬಹುದು. ಅದಕ್ಕೇ ತಿಳಿದವರು ಯಾವುದನ್ನೂ ಅಳಿಸುವುದಿಲ್ಲ. ‘ಎಕ್ಸ್‌ಎಡಿಟ್’ ಎಂಬ ಸಾಧನವೊಂದಿದೆ. ಅಳಿಸಿದ ವಸ್ತುವನ್ನು ಅದು ಮತ್ತೆ ಬದುಕಿಸಿ, ಕಣ್ಣಿಗೆ ಕಾಣದಂತೆ ಮಾಡಿ, ಆಟದ ಅಳತೆಯಲ್ಲಿ 30,000 ಯೂನಿಟ್ ನೆಲದ ಕೆಳಕ್ಕೆ ಇಳಿಸಿಡುತ್ತದೆ. ಆಡುವವನಿಗೆ ಪೀಪಾಯಿ ಇಲ್ಲ. ಅದನ್ನು ನಂಬಿ ಬರುವ ಇನ್ನೊಂದು ಮಾಡ್‌ಗೆ ಅದು ಇದೆ. ಮುಖ ನೋಡಿರದ ಒಬ್ಬನ ಕೆಲಸ ಕೆಡದಿರಲೆಂದು ಪಾತಾಳದಲ್ಲಿ ಒಂದು ಪೀಪಾಯಿಯನ್ನು ಕಾಪಾಡಿಕೊಂಡು ಬರುವುದಿದೆಯಲ್ಲ, ನೆರೆಯವನ ಪ್ರೀತಿಯ ಬಗ್ಗೆ ನಾನು ಈ ವೇದಿಕೆಯ ಮೇಲಿಂದ ಹೇಳಿದ ಎಷ್ಟೋ ಮಾತಿಗಿಂತ ಅದು ಖಚಿತವಾಗಿದೆ.

ಇನ್ನೊಂದು ಉದಾಹರಣೆ ‘ಟಾಮ್ರಿಯೆಲ್ ರೀಬಿಲ್ಟ್’. ‘ಮಾರೋವಿಂಡ್’ ಎಂಬ ಆಟ ಬಂದದ್ದು 2002ರಲ್ಲಿ. ಕಥೆಯ ನಾಡಿನಲ್ಲಿ ಒಂದು ದ್ವೀಪವನ್ನಷ್ಟೇ ಕಂಪನಿ ಕಟ್ಟಿತ್ತು, ಸುತ್ತಲಿನ ಮುಖ್ಯ ಭೂಮಿ ಆಟದಲ್ಲಿಲ್ಲ. ಅದನ್ನು ನಾವೇ ಕಟ್ಟುತ್ತೇವೆಂದು ಆಟ ಹೊರಬರುವ ಮುಂಚೆಯೇ, 2001ರಲ್ಲಿ, ಕೆಲವರು ಕೂಡಿದರು. ಇಂದಿಗೂ ಕಟ್ಟುತ್ತಿದ್ದಾರೆ. ಒಂದೊಂದು ಸೀಮೆ ಮುಗಿದ ಹಾಗೆ ಒಂದೊಂದನ್ನು ಬಿಡುಗಡೆ ಮಾಡುತ್ತಾರೆ. ಆರಂಭಿಸಿದವರಲ್ಲಿ ಎಷ್ಟೋ ಜನ ಬಿಟ್ಟುಹೋಗಿದ್ದಾರೆ, ಆಗ ಹುಟ್ಟಿರದ ಮಕ್ಕಳು ಈಗ ಬಂದು ಕೈಹಾಕಿದ್ದಾರೆ.

ಅಲ್ಲಿಗೆ ಹೊಸದಾಗಿ ಬಂದವನು ಮೊದಲು ಮಾದರಿಗೊಂದು ಕೋಣೆ ಮಾಡಿ ತೋರಿಸಬೇಕು. ಕೈ ಕುದುರಿದೆ ಎನಿಸಿದರೆ ನಿಜವಾದ ಊರಿನ ಒಂದು ಮನೆಯನ್ನೋ ಗುಹೆಯನ್ನೋ ಅವನ ಹೆಸರಿಗೆ ಬರೆಯುತ್ತಾರೆ. ಮುಗಿಸಿ ಒಪ್ಪಿಸಿದ ಮೇಲೆ ಅದನ್ನು ಮಾಡದೆ ಇದ್ದ ಇನ್ನೊಬ್ಬರು ಒಳಹೊಕ್ಕು ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷಕರು ಹುಡುಕುವುದು ಎಂಥದ್ದನ್ನು ಗೊತ್ತೇ? ಮೇಜಿನ ಮೇಲಿನ ದೀಪದ ಕಂಬ ಮೇಜಿಗೆ ತಾಗಿದೆಯೋ, ಕೂದಲೆಳೆಯಷ್ಟು ಮೇಲೆ ಗಾಳಿಯಲ್ಲಿ ತೇಲುತ್ತಿದೆಯೋ. ಕಪಾಟಿನ ತಟ್ಟೆಯ ಅಂಚು ಹಲಗೆಯೊಳಗೆ ತೂರಿದೆಯೋ. ನಿಂತು ನೋಡಿದರೆ ಕಾಣುವುದಿಲ್ಲ. ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಓರೆಯಾಗಿ ಹಿಡಿದು, ಒಂದೊಂದನ್ನೇ ನೋಡಬೇಕು. ಕಂಡದ್ದನ್ನೆಲ್ಲ ತಿದ್ದಿ ಅಥವಾ ಬರೆದಿಟ್ಟು ಆಮೇಲೆ ಊರಿಗೆ ಸೇರಿಸುತ್ತಾರೆ. ಆ ಕೋಣೆಗೆ ಬರುವ ಆಟಗಾರ ಬಾಗಿಲು ತೆಗೆದು, ಪೆಟ್ಟಿಗೆಯಲ್ಲಿರುವ ಹಣ ಕದ್ದು, ಹತ್ತು ಸೆಕೆಂಡಿನಲ್ಲಿ ಹೊರಟುಹೋಗುತ್ತಾನೆ. ದೀಪದ ಕಂಬದ ಕಡೆ ಅವನ ಕಣ್ಣೂ ಹೋಗುವುದಿಲ್ಲ. ಸಂಬಳವಿಲ್ಲ, ಕಂಪನಿಯಿಲ್ಲ, ಗ್ರಾಹಕ ದೂರುವುದಿಲ್ಲ, ಆದರೂ ಬಗ್ಗಿ ನೋಡುತ್ತಾರೆ. ಪುಕ್ಕಟೆ ಕೊಡುವುದು ತಾನೇ, ಹೇಗಿದ್ದರೂ ನಡೆಯುತ್ತದೆ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ, ಸಭೆಯ ಕೆಲಸದಲ್ಲೂ. ಅವರು ಇಂಥವರ ಜೊತೆ ಒಂದು ಸಂಜೆ ಕೂರಬೇಕು.

ಹೊಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ವಾದಕ್ಕೆ ಎಡೆಯಿಲ್ಲ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಗುಂಡಿ ತೋಡಿ ಮುಚ್ಚದೆ ಹೋದವನ ಗುಂಡಿಗೆ ಇನ್ನೊಬ್ಬನ ಎತ್ತೋ ಕತ್ತೆಯೋ ಬಿದ್ದರೆ ತೋಡಿದವನೇ ನಷ್ಟ ಕಟ್ಟಿಕೊಡಬೇಕು. ಬೀಳಿಸಬೇಕೆಂಬ ಉದ್ದೇಶ ಇತ್ತೇ ಎಂದು ಅಲ್ಲಿ ಕೇಳುವುದೇ ಇಲ್ಲ.

2023ರ ಜೂನ್‌ನಲ್ಲಿ ‘ಮೈನ್‌ಕ್ರಾಫ್ಟ್’ ಮಾಡ್‌ಗಳನ್ನು ಹಂಚುವ ದೊಡ್ಡ ತಾಣಗಳಲ್ಲಿ ಕೆಲವರ ಖಾತೆಗಳು ಕಳ್ಳರ ಕೈಗೆ ಸಿಕ್ಕವು. ಜನ ಕಣ್ಣುಮುಚ್ಚಿ ನಂಬುತ್ತಿದ್ದ ಮಾಡ್‌ಗಳೊಳಗೆ ‘ಫ್ರಾಕ್ಚರೈಸರ್’ ಎಂಬ ದುಷ್ಟ ಪ್ರೋಗ್ರಾಂ ಸೇರಿಕೊಂಡಿತು. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುತ್ತಿತ್ತು, ಅದೇ ಕಂಪ್ಯೂಟರಿನ ಬೇರೆ ಮಾಡ್ ಫೈಲುಗಳಿಗೂ ಅಂಟಿಕೊಳ್ಳುತ್ತಿತ್ತು. ಮೈನ್‌ಕ್ರಾಫ್ಟ್ ಆಡುವವರಲ್ಲಿ ಸಣ್ಣ ಮಕ್ಕಳೆಷ್ಟು ಎಂದು ನಿಮಗೆ ಗೊತ್ತು. ಆ ಕಂಪ್ಯೂಟರಿನಲ್ಲೇ ಅಪ್ಪನ ಬ್ಯಾಂಕಿನ ಲೆಕ್ಕವೂ ಇರುತ್ತದೆ. 2018ರಲ್ಲಿ ಇನ್ನೊಂದು ಬಗೆಯದ್ದು ನಡೆಯಿತು. ವಿಮಾನ ಹಾರಿಸುವ ಆಟಕ್ಕೆ ಬಿಡಿ ವಿಮಾನಗಳನ್ನು ಮಾರುತ್ತಿದ್ದ ಒಂದು ಕಂಪನಿ, ಕಳ್ಳಪ್ರತಿ ಬಳಸುವವನನ್ನು ಹಿಡಿಯಲೆಂದು ಇನ್‌ಸ್ಟಾಲರ್‌ನೊಳಗೆ ಪಾಸ್‌ವರ್ಡ್ ತೆಗೆಯುವ ಪ್ರೋಗ್ರಾಂ ಇಟ್ಟಿತ್ತು. ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರಿಗೂ ಆ ಫೈಲು ಇಳಿಯುತ್ತಿತ್ತು. ಕಳ್ಳನಿಗಾಗಿ ತೋಡಿದ ಗುಂಡಿಯೂ ದಾರಿಯಲ್ಲೇ ಇರುತ್ತದೆ.

ತಮ್ಮಂದಿರೇ, ತಂಗಿಯರೇ, ನಿಮ್ಮ ಖಾತೆಯ ಬಾಗಿಲು ಭದ್ರವಾಗಿರಲಿ. ಎಲ್ಲಿಂದಲೋ ಸಿಕ್ಕ, ಒಳಗೇನಿದೆಯೆಂದು ತಿಳಿಯದ ಫೈಲನ್ನು ನಿಮ್ಮ ಹೆಸರಿನಲ್ಲಿ ಮುಂದಕ್ಕೆ ದಾಟಿಸಬೇಡಿ. ಮಾಡ್ ಹಾಕಿದ ಮೇಲೆ ಆಟದ ಮಧ್ಯದಲ್ಲಿ ತೆಗೆದರೆ ಸೇವ್ ಕೆಡುತ್ತದೆ ಎಂದಾದರೆ ಅದನ್ನು ಡೌನ್‌ಲೋಡ್ ಒತ್ತುವ ಮೊದಲೇ ಕಾಣುವ ಹಾಗೆ ಬರೆಯಿರಿ. ಇನ್ನೊಬ್ಬನ ನಲವತ್ತು ಗಂಟೆಯ ಆಟ ಆ ಸೇವ್‌ನೊಳಗಿದೆ.

ಈಗ ನಾನು ಬಹಳ ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದೆ. ಟೀಕೆ.

ಪೌಲನು ಈ ಅಧ್ಯಾಯ ಬರೆದದ್ದೇ ಒಂದು ಜಗಳದ ಕಾರಣಕ್ಕೆ. ಕೊರಿಂಥದಲ್ಲಿ ಕೆಲವರು ತಾವು ಪೌಲನ ಕಡೆಯವರೆಂದೂ ಕೆಲವರು ಅಪೊಲ್ಲೋಸನ ಕಡೆಯವರೆಂದೂ ಪಂಗಡ ಕಟ್ಟಿಕೊಂಡಿದ್ದರು. ತಮಾಷೆಯೆಂದರೆ ಪೌಲನಿಗೂ ಅಪೊಲ್ಲೋಸನಿಗೂ ಜಗಳವೇ ಇರಲಿಲ್ಲ, ಜಗಳವೆಲ್ಲ ಅಭಿಮಾನಿಗಳದ್ದು. ಮಾಡ್ ಲೋಕ ನೋಡಿದವರಿಗೆ ಇದು ಹೊಸದಲ್ಲ. ಇಬ್ಬರು ಮಾಡರ್‌ಗಳು ಒಂದೇ ಊರನ್ನು ಎರಡು ಬಗೆಯಲ್ಲಿ ಚೆಂದ ಮಾಡಿರುತ್ತಾರೆ, ಒಬ್ಬರಿಗೊಬ್ಬರು ಫೈಲೂ ಕೊಟ್ಟುಕೊಂಡಿರುತ್ತಾರೆ. ಅತ್ತ ಅವರ ಹಿಂಬಾಲಕರು ಬೀದಿಕಾಳಗಕ್ಕೆ ನಿಂತಿರುತ್ತಾರೆ.

ಆ ಜಗಳದ ನಡುವೆ ಪೌಲನು ಹೇಳುವ ಒಂದು ಮಾತಿಗಾಗಿಯೇ ಈ ಭಾಗವನ್ನು ಆರಿಸಿದೆ. ಬೆಂಕಿ ಸುಡುವುದು ಕಟ್ಟಿದ್ದನ್ನು. ಹುಲ್ಲಿನ ಗೋಡೆ ಬೂದಿಯಾದೀತು, ಅವನಿಗೆ ನಷ್ಟವೂ ಆದೀತು, ಆದರೆ ಕಟ್ಟಿದ ಮನುಷ್ಯ ಉಳಿಯುತ್ತಾನೆ. ಕೆಲಸಕ್ಕೂ ಕೆಲಸಗಾರನಿಗೂ ನಡುವೆ ಪೌಲನು ಒಂದು ಗೆರೆ ಎಳೆದಿದ್ದಾನೆ. ದೇವರ ನ್ಯಾಯತೀರ್ಪಿನ ಬೆಂಕಿಯೇ ಆ ಗೆರೆ ದಾಟುವುದಿಲ್ಲ ಎಂದ ಮೇಲೆ ನಮ್ಮ ಕಮೆಂಟು ದಾಟಲು ಯಾವ ಅಧಿಕಾರ?

ಎರಡು ಕಮೆಂಟು ಓದುತ್ತೇನೆ. ಇಂಥವು ದಿನಾ ಬೀಳುತ್ತವೆ, ಯಾರದೆಂದು ಹೇಳುವ ಅಗತ್ಯವಿಲ್ಲ. ಮೊದಲನೆಯದು: ‘ದಂಡ ಮಾಡ್. ಓಪನ್ನೇ ಆಗಲ್ಲ. ಬರದೇ ಇದ್ರೆ ಯಾಕ್ ಮಾಡ್ತೀಯ.’ ಎರಡನೆಯದು: ‘ಬ್ರೋ, ನಿಮ್ಮ ಬಸ್ಸು ಹಾಕಿದೆ. ಹಗಲಲ್ಲಿ ಸರಿ ಇದೆ. ರಾತ್ರಿ ಹೆಡ್‌ಲೈಟ್ ಆನ್ ಮಾಡಿದ ಕೂಡಲೇ ಆಟ ಕ್ಲೋಸ್ ಆಗತ್ತೆ. ಬೇರೆ ಮಾಡ್ ಎಲ್ಲ ತೆಗೆದು ಮೂರು ಸಲ ನೋಡಿದೆ, ಮೂರು ಸಲನೂ ಹಾಗೇ. ಹಿಂದಿನ ವರ್ಷನ್‌ನಲ್ಲಿ ಹೀಗಿರಲಿಲ್ಲ.’ ಎರಡನೆಯವನು ಹೊಗಳಿಲ್ಲ, ನೋಡಿ. ಸಕ್ಕರೆಯನ್ನೂ ಸವರಿಲ್ಲ. ಆದರೆ ಮಾಡಿದವನು ಎಲ್ಲಿ ಕೈಹಾಕಬೇಕೆಂದು ತೋರಿಸಿಕೊಟ್ಟಿದ್ದಾನೆ. ದೀಪದ ಭಾಗವನ್ನು ತೆರೆದು ನೋಡಿದರೆ ಸಾಕು. ಮೊದಲನೆಯವನ ಮಾತಿನಿಂದ ತಿದ್ದಬಹುದಾದದ್ದು ಒಂದೂ ಇಲ್ಲ, ಕೊನೆಯ ವಾಕ್ಯವಂತೂ ಮಾಡ್‌ನ ಬಗ್ಗೆಯೇ ಅಲ್ಲ.

ನ್ಯಾಯವಾದ ಟೀಕೆಗೆ ಸತ್ಯವೇದದಲ್ಲಿ ನನಗೆ ಬಹಳ ಪ್ರಿಯವಾದ ಚಿತ್ರ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿದೆ. ಅಲೆಕ್ಸಾಂದ್ರಿಯದಿಂದ ಒಬ್ಬ ಎಫೆಸಕ್ಕೆ ಬರುತ್ತಾನೆ. ವಾಗ್ಮಿ, ಶಾಸ್ತ್ರ ಬಲ್ಲವನು, ಉತ್ಸಾಹ ಉಕ್ಕುವವನು. ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಾನೆ. ಆದರೆ ಅವನಿಗೆ ತಿಳಿದದ್ದು ಯೋಹಾನನ ದೀಕ್ಷಾಸ್ನಾನದವರೆಗೆ ಮಾತ್ರ, ಮುಂದಿನದು ಗೊತ್ತಿಲ್ಲ. ಕೇಳುವವರ ನಡುವೆ ಪ್ರಿಸ್ಕಿಲ್ಲ, ಅಕ್ವಿಲ ಎಂಬ ಗಂಡಹೆಂಡಿರು ಕೂತಿದ್ದಾರೆ. ಗುಡಾರ ಹೊಲಿಯುವ ಕಸುಬಿನವರು, ಪೌಲನ ಜೊತೆ ಕೂತು ಹೊಲಿದವರು. ಕೊರತೆ ಅವರಿಗೆ ಗೊತ್ತಾಯಿತು. ಅಲ್ಲಿಯೇ ಎದ್ದು ನಿಂತು ‘ನಿನಗೆ ಅರ್ಧವೇ ಗೊತ್ತಿರುವುದು’ ಅನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ಕೊರತೆಯಿದ್ದ ಭಾಗವನ್ನು ಸರಿಯಾಗಿ ಬಿಡಿಸಿ ಹೇಳಿದರು. ಅವನೂ ಕೇಳಿದ. ಓದಿದ ಪಂಡಿತನಿಗೆ ಹೊಲಿಗೆಯವರು ಏನು ಹೇಳುವುದು ಎಂದು ಎದ್ದುಹೋಗಲಿಲ್ಲ. ಮುಂದೆ ಅವನು ಅಖಾಯಕ್ಕೆ ಹೊರಟಾಗ ಅಲ್ಲಿಯವರು ಇವನನ್ನು ಬರಮಾಡಿಕೊಳ್ಳಲೆಂದು ಎಫೆಸದ ಸಹೋದರರು ಪತ್ರವನ್ನೂ ಬರೆದುಕೊಟ್ಟರು.

ಅವನ ಹೆಸರು ಅಪೊಲ್ಲೋಸ. ಅಖಾಯದಲ್ಲಿ ಅವನು ಹೋದ ಊರು ಕೊರಿಂಥ. ಕೊರಿಂಥದಲ್ಲಿ ಪೌಲನ ಅಡಿಪಾಯದ ಮೇಲೆ ಕಟ್ಟಿದವನು ಯಾರು ಎಂದು ಇವತ್ತಿನ ಭಾಗವನ್ನು ಮತ್ತೆ ಓದಿ ನೋಡಿ. ಎಫೆಸದ ಒಂದು ಮನೆಯಲ್ಲಿ ಸದ್ದಿಲ್ಲದೆ ತಿದ್ದಿಸಿಕೊಂಡ ಮನುಷ್ಯ. ಆ ದಿನ ಸಭಾಮಂದಿರದಲ್ಲೇ ಅವನ ಮಾನ ಹೋಗಿದ್ದರೆ ಕೊರಿಂಥದ ಗೋಡೆಯ ಕಥೆ ಹೇಗಾಗುತ್ತಿತ್ತೋ.

ಹಾಗಾದರೆ ಎಲ್ಲ ತಪ್ಪನ್ನೂ ಗುಟ್ಟಾಗಿಯೇ ಹೇಳಬೇಕೇ? ಇಲ್ಲ. ಸಭೆಯಲ್ಲಿ ನಾವು ಈ ವಿಷಯದಲ್ಲಿ ಆಗಾಗ ಎಡವುತ್ತೇವೆ. ಸಹೋದರನು ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು ಎಂಬ ಕ್ರಮವನ್ನು ಮತ್ತಾಯನ 18ನೆಯ ಅಧ್ಯಾಯದಲ್ಲಿ ಕರ್ತನೇ ಕಲಿಸಿದ್ದಾನೆ. ಅದು ಸಹೋದರನನ್ನು ಗೆಲ್ಲುವ ಕ್ರಮ. ಅದನ್ನೇ ಹಿಡಿದುಕೊಂಡು ಎಲ್ಲರಿಗೂ ಅಪಾಯವಿರುವ ಸಂಗತಿಯನ್ನು ಬಾಯಿಮುಚ್ಚಿಸಲು ಬಳಸುವವರಿದ್ದಾರೆ. ಅಂತಿಯೋಕ್ಯದಲ್ಲಿ ಪೇತ್ರನು ಅ‌ನ್ಯಜನರ ಜೊತೆ ಊಟಕ್ಕೆ ಕೂರದೆ ಹಿಂದೆ ಸರಿದಾಗ, ಬರ್ನಬನಂಥವನೂ ಅವನ ಹಿಂದೆ ಹೋದಾಗ, ಪೌಲನು ಪಕ್ಕಕ್ಕೆ ಕರೆಯಲಿಲ್ಲ. ಎಲ್ಲರ ಮುಂದೆ ಮುಖಕ್ಕೆ ಹೇಳಿದ. ಹಾನಿ ಎಲ್ಲರಿಗೂ ಆಗುತ್ತಿತ್ತು, ಅದಕ್ಕೆ. ಫ್ರಾಕ್ಚರೈಸರ್ ಹೊರಬಿದ್ದಾಗಲೂ ಕೆಲವು ಸ್ವಯಂಸೇವಕರು ಆ ಪ್ರೋಗ್ರಾಂ ಬಿಚ್ಚಿ ಓದಿ, ಯಾವ ಫೈಲು ಮುಟ್ಟಬಾರದು, ನಿಮ್ಮಲ್ಲಿ ಇದೆಯೋ ಇಲ್ಲವೋ ನೋಡುವುದು ಹೇಗೆ ಎಂದು ಬಹಿರಂಗವಾಗಿ ಸಾರಿದರು. ಹೆಡ್‌ಲೈಟಿನ ದೋಷವನ್ನು ಮೆಲ್ಲಗೆ ಹೇಳಿ. ಪಾಸ್‌ವರ್ಡ್ ಕದಿಯುವ ಫೈಲನ್ನು ಕೂಗಿ ಹೇಳಿ.

ಟೀಕೆಗೆ ಒಳಗಾಗುವವರಿಗೂ ಒಂದು ಮಾತಿದೆ. ಕೆಲಸಕ್ಕೂ ನಿಮಗೂ ನಡುವಿನ ಗೆರೆಯನ್ನು ನೀವೇ ಅಳಿಸಿದರೆ ಕಾಪಾಡುವವರು ಯಾರು? ಕೆಲವು ಮಾಡರ್‌ಗಳ ಹತ್ತಿರ ದೋಷ ಹೇಳಿದವನನ್ನು ಬ್ಲಾಕ್ ಮಾಡುವುದೇ ದೋಷ ಸರಿಪಡಿಸುವ ವಿಧಾನವಾಗಿದೆ. ಹೇಳಿದ್ದೂ ಹೋಯಿತು, ಹೇಳಿದವನೂ ಹೋದ, ಹೆಡ್‌ಲೈಟ್ ಮಾತ್ರ ಹಾಗೇ ಇದೆ. ಬೇರೆ ದಾರಿಯೂ ಉಂಟು. ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’ ಎಂಬ ಆಟ 2004ರಲ್ಲಿ ತಪ್ಪುಗಳ ಸಮೇತ ಮಾರುಕಟ್ಟೆಗೆ ಬಂತು. ಹೆಸರು ಕೇಳಿ ಬೆಚ್ಚಬೇಡಿ, ನಾನು ಆಡಿ ಎಂದು ಹೇಳುತ್ತಿಲ್ಲ. ಮಾಡಿದ ಕಂಪನಿ ಮರುವರ್ಷವೇ ಬಾಗಿಲು ಹಾಕಿತು. ತಿದ್ದುವವರೇ ಇಲ್ಲ. ಜರ್ಮನಿಯ ವೆರ್ನರ್ ಷ್ಪಾರ್ ಎಂಬ ರಸಾಯನಶಾಸ್ತ್ರಜ್ಞರು ಇನ್ನೊಬ್ಬರು ಆರಂಭಿಸಿ ಬಿಟ್ಟಿದ್ದ ತಿದ್ದುಪಡಿಯ ಕೆಲಸವನ್ನು ಕೈಗೆತ್ತಿಕೊಂಡು ಇಪ್ಪತ್ತು ವರ್ಷದವರೆಗೆ ನಡೆಸಿಕೊಂಡು ಬಂದರು. ತಪ್ಪು ತಿದ್ದುತ್ತಾ ತಿದ್ದುತ್ತಾ ಆಟದಿಂದ ಬಿಟ್ಟುಹೋಗಿದ್ದ ಭಾಗಗಳನ್ನೂ ಸೇರಿಸತೊಡಗಿದರು. ನೀವು ತಿದ್ದುತ್ತಿಲ್ಲ, ಬದಲಾಯಿಸುತ್ತಿದ್ದೀರಿ ಎಂಬ ಆಕ್ಷೇಪ ಬಂತು. ಅದರಲ್ಲಿ ಹುರುಳಿತ್ತು. ಈಗ ಆ ಪ್ಯಾಚ್ ಹಾಕುವಾಗ ಎರಡು ಆಯ್ಕೆಗಳಿವೆ: ಬರೀ ತಪ್ಪು ತಿದ್ದಿದ್ದು ಒಂದು, ಸೇರಿಸಿದ್ದೂ ಉಳ್ಳದ್ದು ಇನ್ನೊಂದು. ತನ್ನ ಅಭಿರುಚಿಯನ್ನೂ ಬಿಡಲಿಲ್ಲ, ಒಲ್ಲೆ ಎಂದವನ ಮೇಲೆ ಹೇರಲೂ ಇಲ್ಲ.

ಉಳಿದದ್ದು ಒಂದು. ಇವರೆಲ್ಲ ಪುಕ್ಕಟೆ ದುಡಿಯುವವರು. ಪುಕ್ಕಟೆ ಕೊಟ್ಟದ್ದೂ ನೆಟ್ಟಗಿರಬೇಕೆಂದು ಇಷ್ಟು ಹೊತ್ತು ಹೇಳಿದೆ. ಆದರೆ ಪುಕ್ಕಟೆ ಪಡೆದವನಿಗೆ ಯಾವುದಕ್ಕೆ ಹಕ್ಕಿಲ್ಲ ಎಂಬುದೂ ಇದೆ. ‘ಅಪ್‌ಡೇಟ್ ಯಾವಾಗ?’ ಎಂಬುದನ್ನು ದಿನಕ್ಕೆ ಹತ್ತು ಜನ ಕೇಳುತ್ತಾರೆ, ಹನ್ನೊಂದನೆಯವನು ಬೈಯುತ್ತಾನೆ. ‘ಫಾಲ್‌ಔಟ್: ಲಂಡನ್’ ಎಂಬ ದೊಡ್ಡ ಮಾಡ್ 2024ರ ಏಪ್ರಿಲ್ 23ಕ್ಕೆ ಬರಬೇಕಿತ್ತು. ಅದೇ ವಾರ ಮೂಲ ಆಟಕ್ಕೆ ಕಂಪನಿಯ ಹೊಸ ಅಪ್‌ಡೇಟ್ ಬರುತ್ತದೆಂದು ಗೊತ್ತಾಯಿತು, ಅಡಿಪಾಯವೇ ಅಲುಗುತ್ತಿತ್ತು. ತಂಡದವರು ದಿನಾಂಕ ಮುಂದೂಡಿದರು. ಬಿಡುಗಡೆಯಾದದ್ದು ಜುಲೈ 25ಕ್ಕೆ. ವರ್ಷಗಟ್ಟಲೆ ಕಾದಿದ್ದವರಿಗೆ ಮೂರು ತಿಂಗಳು ದೊಡ್ಡದಾಗಿ ಕಂಡಿರಬಹುದು. ಆದರೆ ಆ ತಂಡ ಯಾರಿಗೂ ಸಾಲಗಾರರಾಗಿರಲಿಲ್ಲ.

ಕೊರಿಂಥದವರೂ ಇದನ್ನೇ ಕೇಳಿದ್ದರೆಂದು ಕಾಣುತ್ತದೆ: ಅಪೊಲ್ಲೋಸ ಮತ್ತೆ ಯಾವಾಗ ಬರುತ್ತಾನೆ? ಇದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲನ ಉತ್ತರವಿದೆ. ಹೋಗಿ ಬಾ ಎಂದು ತಾನು ಬಹಳ ಒತ್ತಾಯ ಮಾಡಿದ್ದಾಗಿಯೂ ಅವನಿಗೆ ಈಗ ಬರುವ ಮನಸ್ಸಿಲ್ಲವೆಂದೂ ಅನುಕೂಲವಾದಾಗ ಬರುವನೆಂದೂ ಬರೆಯುತ್ತಾನೆ. ಯಾಕೆ ಮನಸ್ಸಿಲ್ಲ ಎಂಬ ವಿವರಣೆ ಇಲ್ಲ. ಅಪೊಸ್ತಲನೇ ಹೇಳಿದರೂ ಬರಲಿಲ್ಲ ನೋಡಿ ಎಂಬ ಕೊಂಕು ಇಲ್ಲ. ಅಷ್ಟು ಬರೆದು ಮುಂದಿನ ಮಾತಿಗೆ ಹೋಗುತ್ತಾನೆ.

ಯುವಜನ ಕೂಟ ಸಂಜೆ ಐದಕ್ಕೆ ಹಿಂದಿನ ಹಾಲಿನಲ್ಲಿ. ಮಾಡಿದ್ದನ್ನು ತೋರಿಸಲು ಇಷ್ಟವಿರುವವರು ಮೊಬೈಲೋ ಲ್ಯಾಪ್‌ಟಾಪೋ ತನ್ನಿ. ಚಾರ್ಜರ್ ಮರೆಯಬೇಡಿ, ಅಲ್ಲಿ ಪ್ಲಗ್ ಪಾಯಿಂಟ್ ಎರಡೇ ಇವೆ. ಹಿರಿಯರೂ ಬನ್ನಿ. ಬಸ್ಸು ಓಡಿಸಲು ಕೊಟ್ಟರೆ ಕೊನೆಯ ಸ್ಟಾಪಿನವರೆಗೂ ಓಡಿಸಿ, ಇಳಿದ ಮೇಲೆ ಏನನ್ನಿಸಿತೋ ಅದನ್ನು ಓಡಿಸಲು ಕೊಟ್ಟವನಿಗೇ ಹೇಳಿ.